ನಾಲ್ಕನೆಯವನ ಗಂಟಲು

ಲಿಫ್ಟ್ ರಿಪೇರಿ ಮಾಡುವವನನ್ನು ಲಿಫ್ಟಪ್ಪ ಅನ್ನದೆ ಇನ್ನೇನು ಅಂದಾರು? ಇಪ್ಪತ್ತೊಂಬತ್ತು ವರ್ಷ ಹೆವಿ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದರೂ ಅವನಿಗೆ ಅಂಟಿಕೊಂಡಿದ್ದು ಆ ಹೆಸರೇ. ವಾರದಲ್ಲಿ ಆರು ದಿನ ಕೈಗೆ ಗ್ರೀಸು, ಏಳನೇ ದಿನ ಡ್ರಮ್ಸ್ ಕೋಲು. ಐವತ್ತೆಂಟು ದಾಟಿದ ಮೇಲೆ ಅವನ ಬಲಭುಜ ಎರಡು ಕೆಲಸಕ್ಕೂ ಸಮನಾಗಿ ನೋಯುತ್ತಿತ್ತು. ಯಾವುದನ್ನು ದೂರಬೇಕೆಂದು ಅವನಿಗೂ ತಿಳಿಯದೆ, ಎರಡನ್ನೂ ಬೈದುಕೊಂಡು ಎರಡನ್ನೂ ಮಾಡುತ್ತಿದ್ದ.

ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರೆ ಅವನು ಮೊದಲು ಸ್ಪ್ಯಾನರ್ ತೆಗೆಯುತ್ತಿರಲಿಲ್ಲ. ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು, "ಗಾಬರಿ ಆಗ್ಬೇಡಿ, ನಾನಿಲ್ಲೇ ಇದೀನಿ, ಹತ್ತೇ ನಿಮಿಷ" ಅನ್ನುತ್ತಿದ್ದ. ಹತ್ತು ನಿಮಿಷ ಹೋಗಿ ನಲವತ್ತಾದರೂ ಒಳಗಿದ್ದವರು ತೆಪ್ಪಗಿರುತ್ತಿದ್ದರು. ದನಿ ಅಂಥದ್ದು. ಆ ದನಿಯೇ ಅವನಿಗೆ ಮುಳುವಾಯಿತು. ಬ್ಯಾಂಡಿನಲ್ಲಿ ಹಾಡುಗಾರನನ್ನು ತೆಗೆಯುವ ಸಂದರ್ಭ ಬಂದಾಗಲೆಲ್ಲ, ಹೋಗಿ ಹೇಳಿ ಬರುವ ಕೆಲಸ ಅವನ ಕೊರಳಿಗೇ ಬೀಳುತ್ತಿತ್ತು.

ಕೊರಳಿಗೆ ಕಟ್ಟುತ್ತಿದ್ದವನು ಗಿಟಾರಿನವನು. ಬ್ಯಾಂಡ್ ಕಟ್ಟಿದವನಾದ್ದರಿಂದ ಎಲ್ಲರಿಗೂ ಅವನು ಯಜಮಾನ. ವೇದಿಕೆಯ ಮೇಲೆ ಹುಲಿ. ಒಬ್ಬ ಮನುಷ್ಯನ ಎದುರು ಕೂತು "ನೀನು ಇನ್ನು ಬೇಡ" ಅನ್ನಬೇಕಾಗಿ ಬಂದರೆ ಮಾತ್ರ ಅವನಿಗೆ ಎಲ್ಲಿಲ್ಲದ ತಲೆನೋವು. "ನೀನು ಹೇಳಿದ್ರೆ ಕೆಟ್ಟ ಸುದ್ದಿನೂ ಸಲೀಸಾಗಿ ಇಳಿಯುತ್ತಪ್ಪ, ನೀನೇ ಹೋಗ್ಬಿಟ್ಟು ಬಾ" ಎಂದು ಬೆನ್ನು ತಟ್ಟುತ್ತಿದ್ದ. ಬೆನ್ನು ತಟ್ಟಿದರೆ ಸಾಕು, ಲಿಫ್ಟಪ್ಪ ಹೊರಟ. ಒಲ್ಲೆ ಅನ್ನಬಹುದು ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಹೀಗೆ ಮೂವರಿಗೆ ಹೇಳಿ ಬಂದಿದ್ದ. ಮೊದಲನೆಯವನದು ತಗಡು ಸೀಳಿದಂಥ ಕಂಠ. ಆದರೆ ತಾಳಕ್ಕೂ ಅವನಿಗೂ ಹುಟ್ಟಾ ಜಗಳ. ಮನಸ್ಸು ಬಂದರೆ ಓಡುವನು, ಮನಸ್ಸಿಲ್ಲದಿದ್ದರೆ ಕಾರ್ಯಕ್ರಮಕ್ಕೇ ಬಾರನು. ಸುದ್ದಿ ಕೇಳಿದ ದಿನ ಲಿಫ್ಟಪ್ಪನ ಸ್ಕೂಟರನ್ನು ಒದ್ದು ಕೆಡವಿದ. ಎರಡನೆಯವನು ಶಾಲೆಯ ಮೇಷ್ಟ್ರು. ಸ್ವರದಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ, ಪದ ನುಂಗಿದ್ದಿಲ್ಲ. ಆದರೆ ತರಗತಿಯಲ್ಲಿ ನಿಂತ ಹಾಗೆ ನಿಂತು ಹಾಡುವನು, ಕೇಳುವವರಿಗೆ ಎಲ್ಲಿ ಪ್ರಶ್ನೆ ಕೇಳಿಬಿಡುತ್ತಾನೋ ಎಂಬ ಅಳುಕು. ಅವನು ಸುದ್ದಿ ಕೇಳಿ, "ಸದ್ಯ, ಬದುಕಿಕೊಂಡೆ" ಎಂದು ಚಹಾ ಮಾಡಿಕೊಟ್ಟ. ಮೂರನೆಯವನನ್ನು ಗರಗಸ ಎನ್ನುತ್ತಿದ್ದರು. ಅವನಿಗೆ ಅರಚುವುದೊಂದೇ ಗೊತ್ತಿತ್ತು, ಅದನ್ನು ಮಾತ್ರ ಚೆನ್ನಾಗಿ ಮಾಡುತ್ತಿದ್ದ. ಅಷ್ಟು ದೊಡ್ಡ ಆಳು ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತ. ಲಿಫ್ಟಪ್ಪ ಅವನ ಪಕ್ಕದಲ್ಲಿ ಒಂದು ಗಂಟೆ ಕೂತಿದ್ದು ಎದ್ದು ಬಂದ.

ಇವರಲ್ಲಿ ಯಾರು ಮೇಲು ಎಂಬ ವಾದ ಸಭಾಂಗಣದ ಹೊರಗೆ ಇಂದಿಗೂ ನಡೆಯುತ್ತದೆ. ಅದರಲ್ಲಿ ವಾದ ಮಾಡುವಂಥದ್ದೇನಿಲ್ಲ. ಯಾರ ಹದಿನೆಂಟನೇ ವಯಸ್ಸಿನಲ್ಲಿ ಯಾರು ಹಾಡುತ್ತಿದ್ದನೋ ಅವರಿಗೆ ಅವನೇ ಅಸಲಿ, ಉಳಿದವರೆಲ್ಲ ನಕಲಿ. ಲಿಫ್ಟಪ್ಪನ ಲೆಕ್ಕವೇ ಬೇರೆ. ಡ್ರಮ್ಸ್ ಹಿಂದೆ ಕೂತವನಿಗೆ ಹಾಡುಗಾರನ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಯಾರ ಬೆನ್ನು ತನ್ನನ್ನು ಕಾಯುತ್ತದೆ, ಯಾರದು ಬಿಟ್ಟು ಓಡುತ್ತದೆ ಎಂಬುದಷ್ಟೇ ಅವನಿಗೆ ಬೇಕಾಗಿದ್ದುದು.

ಆ ಲೆಕ್ಕದಲ್ಲಿ ನಾಲ್ಕನೆಯವನನ್ನು ಮೀರಿಸಿದವರಿಲ್ಲ. ನೀರಿನ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದುವ ಕೆಲಸದವನು. ಮೊದಲನೆಯವನ ಹಾಡನ್ನು ಅವನ ಕೆಚ್ಚಿನಲ್ಲೇ ಹಾಡುವನು, ಮೇಷ್ಟ್ರ ಹಾಡನ್ನು ಅಷ್ಟೇ ಶುದ್ಧವಾಗಿ, ಗರಗಸದ್ದನ್ನು ಅರಚಬೇಕಾದಲ್ಲಿ ಅರಚಿ. ಮಂದಿ ಮಾತ್ರ ಮೂಗು ಮುರಿದರು. ಚೆನ್ನಾಗಿ ಹಾಡಿದರೆ "ಮೊದಲನೆಯವನ ಥರಾನೇ ಹಾಡ್ತಾನೆ", ಹಾಡದಿದ್ದರೆ "ಮೊದಲನೆಯವನ ಥರ ಬರಲ್ಲ". ಪಾಪ, ಅವನದು ಅಂತ ಏನೂ ಇರಲಿಲ್ಲವೇ? ಇತ್ತು. ಉಸಿರೆಳೆದಾಗ ಅವನ ಭುಜ ಒಂದಿಷ್ಟು ಮೇಲೇಳುತ್ತಿತ್ತು, ಆ ಏರಿಗೆ ಸರಿಯಾಗಿ ಲಿಫ್ಟಪ್ಪನ ಕೋಲು ಇಳಿಯುತ್ತಿತ್ತು. ಬಂದ ಎರಡು ವರ್ಷಕ್ಕೆ ಅವನು ಲಿಫ್ಟಪ್ಪನ ಒಬ್ಬಳೇ ಮಗಳನ್ನು ಮದುವೆಯಾದ. ಹೆಂಡತಿಯನ್ನು ಕಳೆದುಕೊಂಡಿದ್ದ ಲಿಫ್ಟಪ್ಪನಿಗೆ ಹೋಗಿ ಬರಲು ಇದ್ದುದು ಅದೊಂದೇ ಮನೆ.

ಹೋದ ವರ್ಷ ಉಸಿರು ಸಾಲದೆ ಅಳಿಯನ ಆ ಭುಜ ಒಂದೇ ಸಾಲಿಗೆ ಎರಡು ಸಲ ಏಳತೊಡಗಿತು. ಮೇಲಿನ ಸ್ವರಕ್ಕೆ ಹೋದಾಗ ದನಿ ಸೀಳು ಬಿಡುತ್ತಿತ್ತು. ಯಜಮಾನನಿಗೆ ಗೊತ್ತಾದರೆ ಮುಂದಿನದು ಏನೆಂದು ಲಿಫ್ಟಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಾಗಿ ಒಂದು ಉಪಾಯ ಮಾಡಿದ. ಸ್ವರ ಮೇಲೇರುವ ಜಾಗದಲ್ಲೆಲ್ಲ ಸಿಂಬಲ್ ತಟ್ಟೆಗಳನ್ನು ಬಲವಾಗಿ ಬಾರಿಸತೊಡಗಿದ. ಕಂಚಿನ ಆ ಝಣತ್ಕಾರದಲ್ಲಿ ಸೀಳು ಮುಚ್ಚಿಹೋಗುತ್ತಿತ್ತು. ತನ್ನ ಭುಜ ಕಿತ್ತು ಬರುವಷ್ಟು ನೋಯುತ್ತಿದ್ದರೂ ಮಗಳ ಸಂಸಾರದ ಮೇಲೆ ಚಪ್ಪರ ಹಾಕಿದಷ್ಟು ನೆಮ್ಮದಿ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಅಳಿಯನಿಗೂ ಹೇಳಲಿಲ್ಲ. ಹೇಳಿದರೆ ಅವನ ಮನಸ್ಸು ಮುದುಡೀತು ಎಂಬ ಭಯ.

ಹನ್ನೊಂದು ತಿಂಗಳು ಹೀಗೇ ಸಾಗಿತು. ಒಂದು ದಿನ ಬರಿಯ ಮಾತಾಡುವಾಗಲೂ ಅಳಿಯನ ದನಿ ಕಟ್ಟಿತು. ಗಂಟಲಿನ ಡಾಕ್ಟರು ಒಳಗೆ ಗಂಟುಗಳಾಗಿವೆ ಎಂದರು, ಆರು ವಾರ ತುಟಿ ಎರಡು ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಯಜಮಾನನಿಗೆ ಅಷ್ಟು ಕಾಯುವ ವ್ಯವಧಾನ ಎಲ್ಲಿಯದು?

ಅಭ್ಯಾಸದ ಕೋಣೆಯಲ್ಲಿ ವೈರು ಸುತ್ತುತ್ತಾ, ಲಿಫ್ಟಪ್ಪನ ಮುಖ ನೋಡದೆ ಅವನು ಹೇಳಿದ: "ಮೂವತ್ತನೇ ವರ್ಷದ ಕಾರ್ಯಕ್ರಮಕ್ಕೆ ಮೊದಲನೆಯವನನ್ನೇ ವಾಪಸ್ ಕರೆಸ್ತಿದೀನಿ. ಆಮೇಲೂ ಅವನೇ ಇರ್ತಾನೆ. ನಿನ್ನ ಅಳಿಯನಿಗೆ ಒಂದು ಮಾತು ಹೇಳ್ಬಿಡು."

"ನಾನಾ? ಅವನಿಗಾ?"

"ಮನೆಯವನೇ ಹೇಳಿದ್ರೆ ಒಳ್ಳೇದಲ್ವೇನಯ್ಯಾ."

ಹಾಗಂದು ಯಜಮಾನ ಬೆನ್ನು ತಟ್ಟಿದ. ಲಿಫ್ಟಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಆ ಸುಸ್ತನ್ನು ಹೊತ್ತುಕೊಂಡೇ ಮಗಳ ಮನೆಯ ಮೂರು ಮಹಡಿ ಹತ್ತಿದ. ಆ ಕಟ್ಟಡಕ್ಕೆ ಲಿಫ್ಟಿರಲಿಲ್ಲ. ಪ್ರತಿ ಮಹಡಿಯಲ್ಲೂ ನಿಂತು, ಮಗಳು ಈ ಬಾಗಿಲನ್ನು ಇನ್ನೊಮ್ಮೆ ತೆರೆಯುತ್ತಾಳೋ ಇಲ್ಲವೋ ಎಂದು ಯೋಚಿಸಿದ. ಹಿಂದೆ ಮೂವರ ಮನೆಯ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿತ್ತು, ಚಹಾ ಕೊಟ್ಟ ಮೇಷ್ಟ್ರದ್ದೂ ಸೇರಿ.

ಮಗಳು ಬಟ್ಟೆ ಮಡಚುತ್ತಿದ್ದಳು. ಅಳಿಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿ, ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಗೀಟಿನ ಪುಸ್ತಕ ಇಟ್ಟುಕೊಂಡು ಕೂತಿದ್ದ. ಮೂರು ವಾರದಿಂದ ಅವನ ಮಾತೆಲ್ಲ ಆ ಪುಸ್ತಕದಲ್ಲೇ. ಮಾವನನ್ನು ನೋಡಿದವನೇ ಏನೋ ಗೀಚಿ ತೋರಿಸಿದ. ಲಿಫ್ಟಪ್ಪ ಕನ್ನಡಕ ತಂದಿರಲಿಲ್ಲ.

"'ಹೇಳೋಕೆ ಬಂದ್ರಾ, ಮಾವ?' ಅಂತ ಕೇಳ್ತಿದಾರೆ" ಎಂದು ಮಗಳು ಓದಿದಳು. ಓದಿ ಮುಗಿಸಿ ಅಪ್ಪನ ಮುಖ ನೋಡಿದಳು. ಕೈಯಲ್ಲಿದ್ದ ಅಂಗಿ ಕೈಯಲ್ಲೇ ಉಳಿಯಿತು.

ಲಿಫ್ಟಪ್ಪ ಎದುರಿಗೆ ಕೂತು ಹೇಳಿದ. ಅದೇ ದನಿ, ಅದೇ ನಿಧಾನ. ಮೊದಲನೆಯವನು ಬರುತ್ತಿದ್ದಾನೆ, ನಿನ್ನ ಆರೋಗ್ಯ ಮುಖ್ಯ, ಯಾರದೂ ತಪ್ಪಿಲ್ಲ. ಅಳಿಯ ತಲೆಯಾಡಿಸಿದ. ಸ್ಕೂಟರ್ ಒದೆಯಲಿಲ್ಲ, ಅಳಲೂ ಇಲ್ಲ. ಬಹಳ ಹೊತ್ತು ಬರೆದ. ಮಗಳು ಪುಸ್ತಕ ಇಸಿದುಕೊಂಡು ತಡವರಿಸುತ್ತಾ ಓದಿದಳು.

"'ಗಂಟಲಿಗಿಂತ ಮೊದಲು ನನ್ನ ಕಿವಿ ಹೋಯ್ತು ಅನ್ಸುತ್ತೆ ಮಾವ. ಒಂದು ವರ್ಷದಿಂದ ಮೇಲಿನ ಸ್ವರದಲ್ಲಿ ನನ್ನ ದನಿ ನನಗೇ ಕೇಳಿಸ್ತಿರಲಿಲ್ಲ. ಕೇಳಿಸ್ತಿಲ್ಲ ಅಂತ ಇನ್ನೂ ಜೋರು ಮಾಡ್ದೆ. ಜೋರು ಮಾಡಿದ್ದಕ್ಕೇ ಗಂಟಾಗಿದ್ದು ಅಂತಾರೆ ಡಾಕ್ಟ್ರು. ಕಿವಿ ತೋರಿಸ್ದೆ. ಕಿವಿ ಚೆನ್ನಾಗಿದೆಯಂತೆ. ಏನಾಯ್ತು ಅಂತಾನೇ ಗೊತ್ತಾಗ್ತಿಲ್ಲ.'"

ಲಿಫ್ಟಪ್ಪನಿಗೆ ತನ್ನ ಸಿಂಬಲ್ ತಟ್ಟೆಗಳ ನೆನಪಾಯಿತು. ಯಜಮಾನನ ಸುದ್ದಿಯನ್ನು ಒಪ್ಪಿಸಿ ಆಗಿತ್ತು. ಈಗ ಎದ್ದು ಹೋಗಬಹುದಿತ್ತು, ಯಾರಿಗೂ ಯಾವ ಕಾಲಕ್ಕೂ ತಿಳಿಯುತ್ತಿರಲಿಲ್ಲ. ಮೂವರ ಮನೆಯಲ್ಲಿ ಬೇರೆಯವರ ಮಾತನ್ನು ಬೆಣ್ಣೆಯಷ್ಟು ನುಣುಪಾಗಿ ಆಡಿ ಬಂದವನಿಗೆ, ತನ್ನದೊಂದು ಮಾತು ನಾಲಿಗೆಗೆ ಬರಲಿಲ್ಲ. ಎದ್ದು ನಿಂತ. ಮತ್ತೆ ಕೂತ.

"ನಿನ್ನ ಕಿವಿ ಹೋಗಿಲ್ಲಪ್ಪ" ಎಂದ. "ಅದು... ಅದು ನಾನು. ನಿನ್ನ ದನಿ ಒಡೀತಿತ್ತು. ಯಾರಿಗೂ ಕೇಳಿಸ್ಬಾರ್ದು ಅಂತ ಆ ಜಾಗದಲ್ಲೆಲ್ಲ ತಟ್ಟೆ ಹೊಡೀತಿದ್ದೆ. ನಿನಗೂ ಕೇಳಿಸಲ್ಲ ಅನ್ನೋದು ನನ್ನ ತಲೆಗೇ ಬರಲಿಲ್ಲ. ನಾನೇ... ನಾನೇ ನಿನ್ನ ಗಂಟಲು..."

ಲಿಫ್ಟಿನ ಬಾಗಿಲಿಗೆ ಆಡುವ ದನಿ ಅದಾಗಿರಲಿಲ್ಲ. ಅಷ್ಟು ಒರಟಾಗಿ, ಮುರುಕಾಗಿ ಅವನು ಮಾತಾಡಿದ್ದನ್ನು ಮಗಳೂ ಕೇಳಿರಲಿಲ್ಲ. ಅವಳು ಅಂಗಿಯನ್ನು ಮಂಚದ ಮೇಲೆ ಎಸೆದಳು.

"ಒಂದು ಮಾತು ಹೇಳಿದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗ್ತಿದ್ವಲ್ಲ ಅಪ್ಪ! ಕಂಡೋರ ಮನೆಗೆಲ್ಲ ಹೋಗಿ ಹೇಳಿ ಬರ್ತೀಯ. ನಮ್ಮನೇಲಿ ಬಾಯಿ ಬಿಡೋಕೆ ಆಗಲಿಲ್ವಾ ನಿನಗೆ?"

ಲಿಫ್ಟಪ್ಪ "ತಪ್ಪಾಯ್ತು ಕಣಮ್ಮ" ಎಂದ. ಅದೂ ಅರ್ಧ ಬಾಯೊಳಗೇ ಉಳಿಯಿತು. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಅಳಿಯ ಪೆನ್ನು ಹಿಡಿದ. ಒಂದಕ್ಷರ ಬರೆದು ಹೊಡೆದುಹಾಕಿದ. ಪೆನ್ನನ್ನು ಪುಸ್ತಕದ ಮೇಲಿಟ್ಟು, ಕೊರಳ ಬಟ್ಟೆ ಸಡಿಲಿಸಿದ. ಅವನ ಭುಜ ಒಂದು ಸಲ ಮೇಲೆದ್ದಿತು, ಇನ್ನೊಂದು ಸಲ ಎದ್ದಿತು. ಮಗಳು "ಬೇಡ್ರೀ, ಮಾತಾಡ್ಬೇಡಿ" ಎಂದು ಓಡಿ ಬರುವಷ್ಟರಲ್ಲಿ ಅವನು ಮೂರು ವಾರದ ಮೌನ ಮುರಿದಿದ್ದ.

"ಇರ್ಲಿ ಬಿಡಿ, ಮಾವ."

ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಆ ದನಿ ಎಷ್ಟು ಹಾಳಾಗಿದೆಯೆಂದು ಲಿಫ್ಟಪ್ಪನಿಗೆ ಮೊದಲ ಸಲ ಸರಿಯಾಗಿ ಕೇಳಿಸಿತು.