ಕರವಸ್ತ್ರದ ಕೆಂಪು

ಬಳ್ಳಾರಿಯಲ್ಲಿ ಬಿಳಿ ಕಾಗದ ಬಹಳ ಹೊತ್ತು ಬಿಳಿಯಾಗಿ ಉಳಿಯುವುದಿಲ್ಲ. ಗಾಂಧಿನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆ ಇದೆ. ಬೆಳಿಗ್ಗೆ ಕಿಟಕಿ ತೆರೆದು, ಮೇಜು ಒರೆಸಿ, ಕಾಗದ ಅಂಟಿಸಿ ಕೂತರೆ ಕಾಫಿ ಆರುವಷ್ಟರಲ್ಲಿ ಅದರ ಅಂಚಿಗೆ ತೆಳುವಾಗಿ ಕೆಂಪು ಬಂದಿರುತ್ತದೆ. ಅದಿರಿನ ಧೂಳು. ನಾನು ಚಿತ್ರ ಬರೆಯುವ ಪೇಸ್ಟಲ್ ಕಡ್ಡಿ ಎಂದರೆ ಅದೂ ಒತ್ತಿ ಗಟ್ಟಿ ಮಾಡಿದ ಬಣ್ಣದ ಧೂಳೇ. ಹಾಗಾಗಿ ಇಷ್ಟು ವರ್ಷ ನನಗೆ ಅದು ತೊಂದರೆ ಅನಿಸಿರಲಿಲ್ಲ.

ದಿನವೂ ಒಂದು ಹೂವು ಬರೆಯುತ್ತೇನೆ. ಹಿತ್ತಲಿನ ದಾಸವಾಳ, ಪಕ್ಕದ ಮನೆಯ ಕಾಂಪೌಂಡಿನಿಂದ ಇತ್ತ ಬಾಗಿದ ಕಣಗಿಲ, ಸಂತೆಯ ದಿನವಾದರೆ ಚೆಂಡು ಹೂ. ಸ್ಟೀಲ್ ಲೋಟದಲ್ಲಿ ನೀರು ಹಾಕಿ ಹೂವು ನಿಲ್ಲಿಸಿ, ಬಿಸಿಲು ಏರುವ ಮೊದಲು ಮುಗಿಸುತ್ತೇನೆ. ಭಾನುವಾರ ಮಾತ್ರ ಗುಡ್ಡ. ಸಂಗನಕಲ್ಲಿನದು, ಇಲ್ಲವೇ ಕುರುಗೋಡಿನದು.

ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುವಾಗ ನಮ್ಮ ಮೇಷ್ಟ್ರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಪೇಸ್ಟಲ್ ಪುಡಿಯನ್ನು ಊದಬೇಡಿ, ಕಾಗದ ಎತ್ತಿ ಹಿಂದಿನಿಂದ ತಟ್ಟಿ. ಊದಿದ್ದು ಉಸಿರಿಗೇ ವಾಪಸು ಬರುತ್ತದೆ. ಅವರು ಈ ಊರಿನವರಲ್ಲ. ಇಲ್ಲಿ ಕುರ್ಚಿಯಲ್ಲಿ ಕೂರುವ ಮೊದಲು ಊದುತ್ತೇವೆ, ಪುಸ್ತಕ ತೆರೆಯುವ ಮೊದಲು ಊದುತ್ತೇವೆ, ಸ್ಕೂಟರಿನ ಸೀಟು, ಮೊಬೈಲು, ಗೂಡಿನ ದೀಪ, ಎಲ್ಲವನ್ನೂ ಊದುತ್ತೇವೆ. ಯಾರೂ ಕಲಿಸಿದ್ದಲ್ಲ. ತಟ್ಟಬೇಕು ಎಂದು ತಿಳಿದಿದ್ದರೂ ನನ್ನ ಬಾಯಿ ಕಾಗದದ ಮೇಲೆ ಬಾಗುತ್ತಿತ್ತು.

ದೀಪಾವಳಿಯ ಚೆಂಡು ಹೂಗಳ ಹೊತ್ತಿಗೆ ಕೆಮ್ಮು ಶುರುವಾಯಿತು. ಕರವಸ್ತ್ರದಲ್ಲಿ ಕೆಂಪು ಕಂಡಿತು. ಬೆರಳು ಕೆಂಪಾಗಿತ್ತು, ಉಗುರು ಕೆಂಪಾಗಿತ್ತು, ಮೂಗು ಒರೆಸಿದರೂ ಕೆಂಪೇ ಬರುತ್ತಿತ್ತು. ಬಣ್ಣ ಎಂದುಕೊಂಡೆ. ಹಾಗೆಂದುಕೊಳ್ಳಲು ಬೇಕಾದ ಕಾರಣಗಳೆಲ್ಲ ನನ್ನ ಕೈಯಲ್ಲೇ ಅಂಟಿಕೊಂಡಿದ್ದವು.

ನಮ್ಮ ಮನೆಯಲ್ಲಿ ಸಣ್ಣ ಬಟ್ಟೆಗಳನ್ನು ಅವ್ವ ಕೈಯಲ್ಲೇ ಒಗೆಯುತ್ತಾಳೆ.

“ಏನವ್ವಾ, ಬಣ್ಣ ಹಚ್ತೀಯೋ ತಿಂತೀಯೋ?” ಎಂದಳು ಒಂದು ದಿನ. “ನಿನ್ನ ಕರ್ಚೀಪ್ ನೋಡಿದ್ರ ದಿನಾ ಹೋಳಿ ಹುಣ್ಣಿಮಿ ಆದಂಗ ಐತಿ.”

ನಾನು ನಕ್ಕೆ. ನಗು ಕೆಮ್ಮಾಯಿತು.

ಆ ಭಾನುವಾರ ಕುರುಗೋಡಿಗೆ ಹೋದೆ. ಅಲ್ಲಿ ಚಿಕ್ಕಮ್ಮನ ಮನೆಯ ಮಾಳಿಗೆಯಿಂದ ಬಂಡೆಗುಡ್ಡ ಇಡಿಯಾಗಿ ಕಾಣುತ್ತದೆ. ಸಂಜೆ ಅದಕ್ಕೆ ಒಳಗಿನಿಂದ ಕಾದಂತಹ ಬಣ್ಣ ಬರುತ್ತದೆ. ಕೆಂಪು ಕಡ್ಡಿ ಇಲ್ಲದೆ ಅದನ್ನು ಬರೆಯಲಾಗದು. ಮೆಟ್ಟಿಲು ಹತ್ತುವಾಗ ನಡುವೆ ಕೂರಬೇಕಾಯಿತು. ಹಿಂದೆಂದೂ ಹಾಗೆ ಕೂತಿರಲಿಲ್ಲ. ಬಟ್ಟೆ ಒಣಹಾಕಲು ಬಂದಿದ್ದ ಚಿಕ್ಕಮ್ಮ ನನ್ನ ಕೆಮ್ಮು ಕೇಳಿ, “ಸಾವಕಾಶ ಕೆಮ್ಮವ್ವಾ, ಗುಡ್ಡ ಹೆದರಿ ಓಡಿ ಹೋದೀತು” ಎಂದಳು. ಕರವಸ್ತ್ರ ನೋಡಿದೆ. ಕೆಂಪಿತ್ತು. ಆದರೆ ಬರೆದದ್ದೂ ಕೆಂಪು ಗುಡ್ಡವೇ ಆಗಿತ್ತು.

ಮರುದಿನ ಅವ್ವ ಒಗೆಯುವ ಕಲ್ಲಿನ ಹತ್ತಿರದಿಂದಲೇ ಕೇಳಿದಳು: “ನಿನ್ನ ಬಣ್ಣ ಮೊದಲು ನೀರಾಗ ಹಾಕಿದ ಕೂಡ್ಲೆ ಬಿಡ್ತಿತ್ತು. ಇದು ಸೋಪ್ ಹಚ್ಚಿ ತಿಕ್ಕಿದ್ರೂ ಕಂದು ಕಲಿ ಉಳೀತೈತಿ. ಯಾವ ಅಂಗಡಿದು?”

“ಹೊಸ ಡಬ್ಬಿ,” ಎಂದೆ.

ಹೊಸ ಡಬ್ಬಿ ಇರಲಿಲ್ಲ. ಡಾಕ್ಟರ ಹತ್ತಿರ ಹೋದರೆ ಮೊದಲು ಬಣ್ಣ ಬಿಡು ಎನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅದರ ನಂತರ ಏನು ಹೇಳಬಹುದೋ ಅದನ್ನು ಯೋಚಿಸಲು ಆಗಲಿಲ್ಲ. ಮೊದಲು ನನಗೆ ಖಾತ್ರಿಯಾಗಬೇಕಿತ್ತು. ಅದಿರಿನ ಧೂಳಿಲ್ಲದ ಜಾಗದಲ್ಲಿ, ಕೆಂಪು ಕಡ್ಡಿ ಮುಟ್ಟದೆ, ಒಂದು ದಿನ ಕೆಲಸ ಮಾಡಿ ನೋಡಬೇಕು. ಕೆಂಪು, ಕಿತ್ತಳೆ, ಕಂದು ಕಡ್ಡಿಗಳನ್ನು ಆರಿಸಿ ಮನೆಯಲ್ಲಿಟ್ಟೆ. ಉಳಿದವನ್ನು ಒರೆಸಿದೆ, ಉಗುರು ಕತ್ತರಿಸಿದೆ, ಹೊಸ ಬಿಳಿ ಕರವಸ್ತ್ರ ತೆಗೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಕೆಂಚನಗುಡ್ಡದ ಹತ್ತಿರ ತುಂಗಭದ್ರೆ ಆಗ ಶಾಂತವಾಗಿತ್ತು. ದಡದ ಈಚೆ ಎರಡನೇ ಬೆಳೆಯ ಭತ್ತ ಹಸಿರಾಗಿ ನಿಂತಿತ್ತು. ನೀಲಿ, ಹಸಿರು, ಬೂದು, ಸ್ವಲ್ಪ ಬಿಳಿ, ಅಷ್ಟೇ ಸಾಕಾಯಿತು. ಎಮ್ಮೆಗಳನ್ನು ನೀರಿಗೆ ಬಿಟ್ಟಿದ್ದ ವಯಸ್ಸಾದ ಹೆಂಗಸೊಬ್ಬಳು ಬೆನ್ನ ಹಿಂದೆ ಬಂದು ನಿಂತಳು.

“ನಮ್ಮ ಹೊಳಿ ಬರಕೊಂಡು ಒಯ್ಯಾಕ ಬಂದೀಯೇನವ್ವಾ?”

“ಹೌದು.”

“ಒಯ್ಯಿ, ಒಯ್ಯಿ. ಸ್ವಲ್ಪ ನೀರು ಬಿಟ್ಟು ಹೋಗು, ಎಮ್ಮಿ ಕುಡೀಬೇಕು.”

ನಗುತ್ತಲೇ ನಾನು ಕಾಗದದ ಮೇಲೆ ಬಾಗಿ ಊದಿದೆ. ನೀಲಿ ಪುಡಿ ಬಿಸಿಲಿನಲ್ಲಿ ಎದ್ದು ಮುಖಕ್ಕೆ ಬಂತು. ಕೆಮ್ಮು ಹಿಡಿಯಿತು, ಬಿಡಲಿಲ್ಲ. ಹೆಂಗಸು ನನ್ನ ಬೆನ್ನು ಸವರಿ, “ನೀರು ಕುಡಿ, ನೀರು ಕುಡಿ” ಎಂದಳು. ಕರವಸ್ತ್ರ ಬಾಯಿಂದ ತೆಗೆದಾಗ ಅದರ ಮೇಲೆ ನನ್ನ ಬೆರಳಿನ ನೀಲಿ ಗುರುತುಗಳಿದ್ದವು. ಅವುಗಳ ನಡುವೆ, ಇನ್ನೂ ಒದ್ದೆಯಾಗಿ, ಕೆಂಪು.

ಅವಳು ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ತಮಾಷೆ ಮಾಡಲಿಲ್ಲ.

“ಮನ್ಯಾಗ ಯಾರದಾರ?” ಎಂದಳು.

“ಅವ್ವ ಅದಾಳ.”

“ಹೋಗು ಮತ್ತ. ಹೊತ್ತು ಮುಳುಗೂದ್ರಾಗ ಹೋಗು.”

ಬಸ್ಸಿನಲ್ಲಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಿಟಕಿಯ ಹೊರಗೆ ಹಸಿರು ಮುಗಿದು ಕಪ್ಪು ನೆಲ ಬಂತು, ಬಳ್ಳಾರಿ ಹತ್ತಿರವಾದಂತೆ ರಸ್ತೆಯ ಅಂಚು ಕೆಂಪಾಯಿತು. ಉಸಿರನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೇನೆ ಎಂದು ಆಗ ಗಮನಕ್ಕೆ ಬಂತು. ಯಾವಾಗಿನಿಂದ ಹಾಗೆ ಉಸಿರಾಡುತ್ತಿದ್ದೆನೋ ತಿಳಿಯದು.

ಅವ್ವ ಬಾಗಿಲಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕರವಸ್ತ್ರವನ್ನು ಬಕೆಟ್ಟಿಗೆ ಹಾಕುವುದು ರೂಢಿ. ಅಂದು ಚಿತ್ರವನ್ನೂ ಕರವಸ್ತ್ರವನ್ನೂ ಒಟ್ಟಿಗೆ ಅವಳ ಕೈಗೆ ಕೊಟ್ಟೆ. ಅವಳು ಮೊದಲು ಕರವಸ್ತ್ರ ಬಿಡಿಸಿ ನೋಡಿದಳು, ಆಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು ಮೂಲೆಯಿಂದ ಮೂಲೆಗೆ ಹುಡುಕಿದಳು.

“ಇದರಾಗ ಕೆಂಪು ಎಲ್ಲೈತಿ?”

“ಹಚ್ಚಿಲ್ಲವ್ವಾ.”

ಅವಳು ಈಳಿಗೆಯನ್ನು ಮಡಚಿ ಗೋಡೆಗೆ ಒರಗಿಸಿದಳು. “ಚಪ್ಲಿ ಬಿಡಬ್ಯಾಡ,” ಎಂದಳು. “ಡಾಕ್ಟರು ಇನ್ನೂ ಇರ್ತಾರ.”

ಬೀದಿಗೆ ಬಂದು ಆಟೋ ನಿಲ್ಲಿಸಿದಳು. ಸೀಟಿನ ಮೇಲೆ ಎಂದಿನ ಕೆಂಪು ಧೂಳಿತ್ತು. ಅವಳು ಎಂದಿನಂತೆ ಊದಲು ಬಾಗಿದಳು. ನನ್ನ ಕಡೆ ನೋಡಿ ತಡೆದು, ಸೆರಗಿನಿಂದ ಮೆಲ್ಲಗೆ ಒರೆಸತೊಡಗಿದಳು.