ರೇಷ್ಮೆ ಹಾಸಿನ ಮೇಲೆ ಬಿದ್ದ ಬಿಳಿ ಪುಡಿ

ತಲೆ ತುರಿಸುವುದನ್ನು ಹೇಗೋ ಸಹಿಸುತ್ತಿದ್ದೆ. ಅದೇ ಮನೆಯಲ್ಲಿ ನನ್ನ ಮೈದುನನ ಹೆಂಡತಿಯ ತಲೆ ತುರಿಸುವುದಿಲ್ಲವಲ್ಲ ಎಂಬುದನ್ನು ಸಹಿಸಲಾಗುತ್ತಿರಲಿಲ್ಲ. ಆಕೆಯ ಜಡೆ ಸೊಂಟ ದಾಟುತ್ತಿತ್ತು. ಬಾಚಿದರೆ ಬಾಚಣಿಗೆಯಲ್ಲಿ ಒಂದು ಎಳೆಯೂ ಉಳಿಯುತ್ತಿರಲಿಲ್ಲ. ನಾನು ನೋಡುತ್ತಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ದಿನಾ ನೋಡುತ್ತಿದ್ದೆ.

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಎರಡು ಮಗ್ಗಗಳಿವೆ. ಪಡಸಾಲೆಯದರಲ್ಲಿ ಹತ್ತಿ ಸೀರೆ, ಒಳಕೋಣೆಯದರಲ್ಲಿ ರೇಷ್ಮೆ. ಹೊರಗಿನದು ಮೈದುನನ ಹೆಂಡತಿಯದು, ಒಳಗಿನ ಮಗ್ಗ ನನ್ನದು. ಗದ್ವಾಲದ ತವರಿನಲ್ಲೇ ರೇಷ್ಮೆ ಕೆಲಸ ಕಲಿತು ಬಂದವಳು ನಾನು. ಮನೆಗೆ ಬಂದ ಹೆಂಗಸರು ಮೊದಲು ಆ ಸೀರೆ ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ನನಗೆ ಅದೊಂದೇ ದೊಡ್ಡಸ್ತಿಕೆ. ಜಡೆ ಆಕೆಗಿರಲಿ, ಮಗ್ಗ ನನಗಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ತುರಿಕೆ ಹಣೆಯ ಅಂಚಿನಲ್ಲಿ ಶುರುವಾಗಿ ಕಿವಿಯ ಹಿಂದೆ, ನೆತ್ತಿಗೆ ಹರಡಿತು. ಹೆಗಲ ಮೇಲೆ ಬಿಳಿ ಪುಡಿ ಉದುರತೊಡಗಿತು. ನಾನು ಅದನ್ನು ಗಂಜಿ ಅಂದುಕೊಂಡೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹತ್ತಿಯ ಹಾಸು ನೂಲಿಗೆ ಅಕ್ಕಿ ಗಂಜಿ ಹಚ್ಚಿ ಒಣಗಿಸುತ್ತೇವೆ. ಆ ಕೆಲಸವಾದ ಮೇಲೆ ನಾಲ್ಕು ದಿನ ಎಲ್ಲರ ಬಟ್ಟೆಯ ಮೇಲೂ ಬಿಳಿ ಪುಡಿಯೇ. ನೇಕಾರರ ಮನೆಯಲ್ಲಿ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೂಲು ಬಿರುಸಾದರೆ ಗಂಜಿಗೆ ಒಂದಿಷ್ಟು ಎಣ್ಣೆ ಬಿಡುತ್ತೇವೆ, ಮೆತ್ತಗಾಗುತ್ತದೆ. ತಲೆಗೂ ಅದೇ ಲೆಕ್ಕ ಹಾಕಿ ಕೊಬ್ಬರಿ ಎಣ್ಣೆ ಸುರಿದುಕೊಂಡೆ. ತುರಿಕೆ ಹೆಚ್ಚಿತು. ಎಣ್ಣೆ ಸಾಲಲಿಲ್ಲ ಎಂದು ಇನ್ನಷ್ಟು ಸುರಿದುಕೊಂಡೆ.

ಒಂದು ಬೆಳಗ್ಗೆ ಅತ್ತೆ ಒಳಕೋಣೆಗೆ ಬಂದರು. ಮಗ್ಗದ ಮೇಲೆ ಕಡು ನೇರಳೆ ಹಾಸು ಇತ್ತು. ಅದರ ಮೇಲೆ ಬೆರಳಾಡಿಸಿ, ಅಂಟಿದ ಪುಡಿಯನ್ನು ಬೆಳಕಿಗೆ ಹಿಡಿದರು.

"ರೇಷ್ಮಿಗೆ ನಾವು ಗಂಜಿ ಹಾಕಂಗಿಲ್ಲಲ್ಲ. ಇದೆಲ್ಲಿಂದ ಬಿತ್ತು?"

ಹಾಸಿನ ಅಂಚಿನಲ್ಲಿ ನನ್ನ ಬೆರಳಿನ ಎಣ್ಣೆಯ ಕಲೆಯೂ ಇತ್ತು.

"ತಲಿ ಸರಿ ಆಗೋತನಕ ನೀ ಹೊರಗಿನ ಮಗ್ಗಕ್ಕ ಕೂಡು. ಇಲ್ಲಿ ಸಣ್ಣಾಕಿ ಕೂಡ್ತಾಳ."

ಆಕೆ ಬಂದು ನನ್ನ ಜಾಗದಲ್ಲಿ ಕೂತಳು. ಜಡೆಯನ್ನು ಮುಂದಕ್ಕೆ ಬರದಂತೆ ಸೆರಗಿನೊಳಗೆ ಸಿಕ್ಕಿಸಿಕೊಂಡಳು. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು. ಹೊರಗೆ ಕೂತು ಒಳಗಿನ ಲಾಳಿಯ ಸದ್ದನ್ನೇ ಕೇಳುತ್ತಿದ್ದೆ. ಎಳೆ ಹರಿದು ಸದ್ದು ನಿಂತರೆ ಖುಷಿಯಾಗುತ್ತಿತ್ತು. ಆಕೆಯ ಕಣ್ಣೇ ನನಗೆ ತಾಕಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆಸಿಕೊಂಡೆ. ಆಕೆ ಮುಟ್ಟಿದ ಬಾಚಣಿಗೆಯಿಂದಲೇ ಬಂತೆಂದು ನನ್ನದನ್ನು ಆಕೆಗೆ ಸಿಗದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ತುರಿಕೆಗೆ ಬೀಗದ ಹಂಗಿರಲಿಲ್ಲ.

ಕೊನೆಗೆ ತವರಿಗೆ ಹೊರಟೆ. ಮಖ್ತಲ್‌ನಲ್ಲಿ ಬಸ್ ಬದಲಿಸುವಷ್ಟರಲ್ಲಿ ಕೆರೆದು ಕೆರೆದು ಕಿವಿಯ ಹಿಂದೆ ರಕ್ತ ಬಂದಿತ್ತು. ಗದ್ವಾಲದ ಚರ್ಮದ ಡಾಕ್ಟರಮ್ಮ ಕೂದಲು ಬಿಡಿಸಿ ನೋಡಿ, ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಇದು ಹೇನಲ್ಲ, ಕಣ್ಣು ತಾಕಿದ್ದಲ್ಲ, ಯಾರ ಬಾಚಣಿಗೆಯಿಂದ ಅಂಟಿದ್ದೂ ಅಲ್ಲ. ಎಲ್ಲರ ತಲೆಯಲ್ಲೂ ಇರುವ ಕಣ್ಣಿಗೆ ಕಾಣದ ಬೂಷ್ಟು ಕೆಲವರ ಚರ್ಮವನ್ನು ಕೆರಳಿಸುತ್ತದೆ, ಎಣ್ಣೆಯೇ ಅದರ ಊಟ. ಇಷ್ಟು ದಿನ ನಾನು ಅದಕ್ಕೆ ಬಟ್ಟಲುಗಟ್ಟಲೆ ಬಡಿಸಿದ್ದೆ. ಎಣ್ಣೆ ನಿಲ್ಲಿಸಿ, ವಾರಕ್ಕೆ ಎರಡು ಸಲ ಔಷಧಿ ಶಾಂಪೂ ಹಾಕಿ, ಉಗುರು ತಾಗಿಸಬೇಡಿ ಎಂದರು. ಪೂರ್ತಿ ಹೋಗುವ ಕಾಯಿಲೆ ಅಲ್ಲ, ಚಳಿಗೆ, ಚಿಂತೆಗೆ ಮತ್ತೆ ಬರುತ್ತದೆ, ಹದ್ದುಬಸ್ತಿನಲ್ಲಿಟ್ಟುಕೊಳ್ಳಬೇಕು ಎಂದೂ ಹೇಳಿದರು. ಅವರು ಇನ್ನೂ ಏನೋ ಹೇಳುತ್ತಿದ್ದರು, ನಾನು ಆಗಲೇ ಒಳಕೋಣೆಯ ಮಗ್ಗದಲ್ಲಿ ಕೂತಾಗಿತ್ತು.

ಮನೆಗೆ ಬಂದು ಮೂರು ವಾರ ಶಾಂಪೂ ಹಾಕಿದೆ. ಏನೂ ಆಗಲಿಲ್ಲ. ಸೋಪು ಹಚ್ಚಿದಂತೆ ಹಚ್ಚಿ, ತಕ್ಷಣ ನೀರು ಸುರಿದು ಮಗ್ಗಕ್ಕೆ ಓಡುತ್ತಿದ್ದೆ. ನಾಲ್ಕನೆಯ ವಾರ ಬಚ್ಚಲಿನಲ್ಲಿ ಚೊಂಬು ಎತ್ತಿದಾಗ ಆಕೆ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕ, ಆಗಲೇ ತೊಳಕೊಬ್ಯಾಡ್ರಿ. ನೊರಿ ಐದು ನಿಮಿಷ ತಲಿ ಮ್ಯಾಲ ಇರಬೇಕು. ಇಲ್ಲಾಂದ್ರ ಕೆಲಸ ಮಾಡಂಗಿಲ್ಲ."

"ನಿನಗ ಹ್ಯಾಂಗ ಗೊತ್ತು?"

"ನನಗೂ ಐತ್ರಿ. ಮದುವಿಗಿಂತ ಮೊದಲಿಂದ. ನಾನೂ ಇದನ್ನೇ ಹಾಕ್ತೀನಿ."

"ಮತ್ತ ನಾ ಕೆರಕೊಳ್ಳೋದು ನೋಡಿ ಸುಮ್ಮನ ಕೂತಿದ್ದಿ?"

"ಹೇಳಿದ್ದರ ನೀವು ಆ ಮಗ್ಗ ಬಿಟ್ಟು ಏಳ್ತಿದ್ರಿ ಏನು? ನನಗೂ ಒಂದು ರೇಷ್ಮಿ ಸೀರಿ ನೇಯಬೇಕಂತ ಆಸೆ ಇತ್ರಿ."

ನೊರೆ ಕಣ್ಣಿಗೆ ಇಳಿಯುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದೆ, ನೊರೆ ಬಾಯಿಗೂ ಹೋಯಿತು. ಆಕೆ ಅಲ್ಲೇ ನಿಂತು, ಐದು ನಿಮಿಷವಾದ ಮೇಲೆ ತಾನೇ ಚೊಂಬು ತೆಗೆದುಕೊಂಡು ನೀರು ಹಾಕಿದಳು.

ಒಂದು ತಿಂಗಳಲ್ಲಿ ತುರಿಕೆ ಇಳಿಯಿತು. ಅತ್ತೆ ನನ್ನ ತಲೆ ಬಗ್ಗಿಸಿ ನೋಡಿ, ಹೊಸ ರೇಷ್ಮೆ ಹಾಸು ನೇಯಲು ನೀನೇ ಕೂಡು ಅಂದರು. ಆಕೆ ತನ್ನ ಚಾಪೆ ಎತ್ತಿಕೊಂಡು ಪಡಸಾಲೆಗೆ ಹೋದಳು. ಬಚ್ಚಲಿನ ಬಾಗಿಲಲ್ಲಿ ಬಾಯಿ ಬಿಟ್ಟರೆ ಹೀಗಾಗುತ್ತದೆ ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. ಆಕೆಯ ಜಾಗದಲ್ಲಿ ನಾನಿದ್ದರೆ ಹೇಳುತ್ತಿರಲಿಲ್ಲ. ಮಗ್ಗದಲ್ಲಿ ಕೂತು ಲಾಳಿ ಎಸೆಯುವಾಗಲೆಲ್ಲ ಅದು ನೆನಪಾಗುತ್ತದೆ, ಆಕೆಯ ಮೇಲೆ ಮತ್ತೆ ಹೊಟ್ಟೆಕಿಚ್ಚಾಗುತ್ತದೆ. ಇದಕ್ಕೆ ಯಾವ ಡಾಕ್ಟರನ್ನು ಕೇಳಲಿ.