ಬಾಗಿಲು ನೂಕಿ ನೋಡುವ ಬೀರಣ್ಣ

ಬೀರಣ್ಣ ಯಾರ ಮನೆಗೆ ಹೋದರೂ ಕೂರುವ ಮೊದಲು ಬಾಗಿಲನ್ನು ಒಮ್ಮೆ ಎಳೆದು, ಒಮ್ಮೆ ನೂಕಿ ನೋಡುತ್ತಿದ್ದ. ಮದುವೆಮನೆಯಾದರೂ ಅಷ್ಟೇ, ಬಿಡುತ್ತಿರಲಿಲ್ಲ. ಕೇಣಿ ಊರಿನ, ಗೋಡೆ ಕಟ್ಟುವ ಈ ಗೌಂಡಿಯ ಹೆಗಲ ಮೇಲೆ ಸದಾ ಒಂದು ಉದ್ದನೆಯ ಪೈಪು, ನೀರು ತುಂಬಿ ಮಟ್ಟ ನೋಡುವಂಥದ್ದು. "ಗೋಡೆ ಬಿರಿಯೂಕಿಂತ ಮೊದ್ಲು ಬಾಗ್ಲು ಚೌಕಟ್ಟಿಗೆ ಕಚ್ತದೆ ತಂಗಿ" ಎಂದು ನನಗೆ ನೂರು ಸಲ ಹೇಳಿದ್ದಾನೆ.

ಅವನ ಪರಿಚಯವಾದದ್ದು ಕಾರವಾರದಲ್ಲಿ, ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಜಾಗದಲ್ಲಿ. ಕಟ್ಟಡದ ನೆಲಮಾಳಿಗೆಗಾಗಿ ಆಳದ ಕಂದಕ ತೋಡಿ, ಕಾಂಕ್ರೀಟಿನ ತಡೆಗೋಡೆ ಇಳಿಸುತ್ತಿದ್ದರು. ಪಕ್ಕದಲ್ಲೇ ಕೂಲಿಯವರ ಐದು ಮನೆ. ಅವು ಕುಸಿಯುತ್ತಿವೆಯೇ ಎಂದು ದಿನಾ ಯಂತ್ರದಲ್ಲಿ ನೋಡಿ ಬರೆಯುವುದು ಆಗಷ್ಟೇ ಇಂಜಿನಿಯರಾಗಿ ಸೇರಿದ್ದ ನನ್ನ ಕೆಲಸ. ಅಳತೆಪಟ್ಟಿ ಹಿಡಿಯುವುದು ಬೀರಣ್ಣನದು. ಅಳತೆಗೆಲ್ಲ ಆಧಾರ ಸೈಟಿನ ಮೂಲೆಯ ಒಂದು ಗುರುತುಗಲ್ಲು. ಅದನ್ನು ನೆಟ್ಟ ದಿನ ಬೀರಣ್ಣ ಪೈಪು ಹಿಡಿದು, ಹಂತ ಹಂತವಾಗಿ ಮಣ್ಣು ತುಂಬದ ಹಳೇ ದಡದ ಬಂಡೆಯ ತನಕ ಹೋಗಿ, ಕಲ್ಲಿನ ತಲೆಯ ಮಟ್ಟಕ್ಕೇ ಅಲ್ಲೊಂದು ಗೆರೆ ಕೊರೆದ. ನನಗೆ ನಗು ಬಂತು.

"ನಗು, ನಗು. ಈ ಜಾಗಕ್ಕೆ ಬುಟ್ಟೀಲಿ ಮಣ್ಣು ಹೊತ್ತವ ನಾನು" ಎಂದ.

ನನ್ನ ಪುಸ್ತಕದಲ್ಲಿ ದಿನಾ 'ಬದಲಾವಣೆ ಇಲ್ಲ'. ಕೊನೆಯ ಮನೆಯ ಶಾಂತಾಬಾಯಿ ಮಾತ್ರ ಬೆನ್ನು ಬಿಡಲಿಲ್ಲ. "ಬಾಗ್ಲು ಹಾಕೂಕೇ ಆಗೂದಿಲ್ಲ ಬಾಯೋರೆ. ಮೊಮ್ಮಕ್ಕಳು ಒಳಗೆ ಮಲಗ್ತವೆ." ಸಮುದ್ರದ ಗಾಳಿಗೆ ಮರ ಉಬ್ಬಿದೆ ಎಂದು ಸಮಾಧಾನ ಹೇಳಿ ನಾನು ಸಹಿ ಹಾಕಿದೆ. ಬೀರಣ್ಣ ಅರ್ಧ ಚಾ ಬಿಟ್ಟು ಎದ್ದ. ಅವಳ ಬಾಗಿಲು ನೂಕಿದ, ಹೋಗಿ ಕಲ್ಲು ನೋಡಿದ, ಮತ್ತೆ ಬಂದು ಬಾಗಿಲು ನೂಕಿದ. ಕಾಲು ನಿಂತಲ್ಲಿ ನಿಲ್ಲಲಿಲ್ಲ.

"ತಂಗಿ, ಮನೆ ಇಳೀತಾ ಅದೆ. ನಿನ್ನ ಕಲ್ಲೂ ಇಳೀತಾ ಅದೆ. ಎರಡೂ ಒಟ್ಟಿಗೆ ಇಳಿದ್ರೆ ನಿನ್ನ ಯಂತ್ರಕ್ಕೆ ಎಂತ ಗೊತ್ತಾಗ್ತದೆ?"

ಬಂಡೆಯ ಗೆರೆಯಿಂದ ಪೈಪಿನಲ್ಲಿ ಮಟ್ಟ ತಂದು ಕಲ್ಲಿನ ಪಕ್ಕ ಹಿಡಿದ. ನೀರು ಕಲ್ಲಿನ ತಲೆಗಿಂತ ಎರಡು ಬೆರಳು ಮೇಲೆ ನಿಂತಿತು. ಅಡಿಯ ಸಡಿಲ ಮಣ್ಣೆಲ್ಲ ಕಂದಕದ ಕಡೆ ಸರಿಯುತ್ತಿತ್ತು. ಇಷ್ಟು ದಿನ ಸಹಿ ಹಾಕಿದ್ದೆಲ್ಲ ಸುಳ್ಳು, ಮಕ್ಕಳು ಮಲಗಿದ್ದು ಅದೇ ಗೋಡೆಯ ಬುಡದಲ್ಲಿ. ಹೆದರಿಕೆಗೋ ನಾಚಿಕೆಗೋ, ಹಳೆಯ ಪುಟ ಹರಿಯಲು ಕೈ ಹೋಯಿತು.

"ಹರೀಬೇಡ. ತಪ್ಪಿದ್ದೂ ಇರ್ಲಿ, ಕೆಳಗೆ ಸರೀದು ಬರಿ. ಮೊದ್ಲು ಅವರ್ನ ಹೊರಗೆ ಕರಿ" ಎಂದ.

ಅಂದೇ ಕೆಲಸ ನಿಂತಿತು. ಐದೂ ಮನೆ ಖಾಲಿಯಾದವು. ನಾಲ್ಕನೇ ದಿನ ಶಾಂತಾಬಾಯಿಯ ಹಿಂದಿನ ಗೋಡೆ ಕಂದಕದ ಕಡೆಗೆ ಮಗುಚಿ ಬಿತ್ತು. ಒಳಗೆ ಯಾರೂ ಇರಲಿಲ್ಲ. ಅದನ್ನು ನೋಡಲು ಊರೇ ಸೇರಿದಾಗ ಬೀರಣ್ಣ ಮಾತ್ರ ಅಲ್ಲಿರಲಿಲ್ಲ. ಅವಳಿಗೆ ಕೊಟ್ಟ ಬಾಡಿಗೆ ಮನೆಯ ಬಾಗಿಲು ನೋಡಲು ಹೋಗಿದ್ದ.

ಈ ಮಳೆಗಾಲದಲ್ಲಿ ಬೀರಣ್ಣ ತೀರಿಕೊಂಡ. ಸುದ್ದಿ ಬಂದ ಕೂಡಲೇ ಅಂಕೋಲೆಯ ಬಸ್ಸು ಹತ್ತಿ ಕೇಣಿಗೆ ಹೋದೆ. ಅಂಗಳದ ತುಂಬ ಜನ. ಒಳಗೆ ಕಾಲಿಡುವ ಮೊದಲು ನನ್ನ ಕೈ ತಾನಾಗಿ ಬಾಗಿಲನ್ನು ಎಳೆದು ನೂಕಿತು. ಗೋಡೆಗೊರಗಿ ಅಳುತ್ತಿದ್ದ ಅವನ ಹೆಂಡತಿ ತಲೆಯೆತ್ತಿದಳು.

"ಸರಿ ಅದೆ ತಂಗಿ" ಎಂದಳು. "ನಿನ್ನೆ ಅವ್ರೇ ನೋಡಿದ್ರು."